ಪೂರ್ತಿ ಸ್ವಾತಂತ್ರ್ಯವಂತೆ, ಸಣ್ಣದೊಂದು ಷರತ್ತಂತೆ

ನಿನ್ನೆ ಸಂಜೆ ಒಂದು ಕಾಲೇಜಿನಿಂದ ಫೋನ್ ಬಂತು. ಹೆಸರು ಬೇಡ ಬಿಡಿ, ಪಾಪ, ಕರೆದವರು ಒಳ್ಳೆಯವರೇ. ಶನಿವಾರ ವಿಚಾರ ಸಂಕಿರಣವಂತೆ. ವಿಷಯ ‘ಚಿಂತನಾ ಸ್ವಾತಂತ್ರ್ಯ’ವಂತೆ. ನಾನು 17ನೇ ಶತಮಾನದ ಡಚ್ ತತ್ವಜ್ಞಾನಿ ಸ್ಪಿನೋಜಾ ಬಗ್ಗೆ ಮಾತಾಡಬೇಕಂತೆ. ಬ್ಯಾಂಕಿನಿಂದ ರಿಟೈರ್ ಆದವಳನ್ನ ತತ್ವಶಾಸ್ತ್ರದ ಭಾಷಣಕ್ಕೆ ಕರೆಯೋರು ಸಿಗೋದೇ ಅಪರೂಪ, ಹಿಂದೆಮುಂದೆ ನೋಡದೆ ಹೂಂ ಅಂದೆ. ಫೋನ್ ಇಡೋ ಮುಂಚೆ ಅವರು ಸೇರಿಸಿದರು: “ಮೇಡಂ, ನೀವು ಏನು ಬೇಕಾದ್ರೂ ಮಾತಾಡಿ, ಪೂರ್ತಿ ಸ್ವಾತಂತ್ರ್ಯ ನಿಮಗೆ. ಯಾರ ನಂಬಿಕೆಗೂ ನೋವಾಗದ ಹಾಗೆ ನೋಡ್ಕೊಂಡ್ರೆ ಸಾಕು.”

“ನೋವು ಅನ್ನೋದು ಎಲ್ಲಿಂದ ಶುರುವಾಗುತ್ತೆ ಸಾರ್? ಯಾವ ಮಾತು ಆಡಬಹುದು, ಯಾವುದು ಆಡಬಾರದು ಅಂತ ಮೊದಲೇ ಹೇಳಿಬಿಡಿ, ನೋಟ್ ಮಾಡ್ಕೋತೀನಿ” ಅಂದೆ.

“ಅಯ್ಯೋ, ನಿಮಗೆ ಗೊತ್ತಿಲ್ದೇ ಇರುತ್ತಾ ಮೇಡಂ!” ಅಂತ ನಕ್ಕು ಫೋನ್ ಇಟ್ಟರು.

ಆಗ ಶುರುವಾದ ಉರಿ ಇನ್ನೂ ಆರಿಲ್ಲ. ಇದೇ ಮಾತನ್ನ, ಹೆಚ್ಚುಕಮ್ಮಿ ಇದೇ ಧಾಟಿಯಲ್ಲಿ, 350 ವರ್ಷದ ಹಿಂದೆ ಅದೇ ಸ್ಪಿನೋಜಾಗೆ ಹೇಳಿದ್ದರು. ಹೇಳಿದವರೂ ಒಂದು ವಿಶ್ವವಿದ್ಯಾಲಯದವರೇ. ಅವರೂ ಬಹಳ ವಿನಯವಂತರೇ.

1673ರ ಫೆಬ್ರವರಿ. ಹೈಡೆಲ್‌ಬರ್ಗ್‌ನಲ್ಲಿ ದೇವಶಾಸ್ತ್ರ ಪಾಠ ಮಾಡುತ್ತಿದ್ದ ಫ್ಯಾಬ್ರಿಷಿಯಸ್ ಅನ್ನೋ ಪ್ರೊಫೆಸರು, ಜರ್ಮನಿಯ ಪ್ಯಾಲಟಿನೇಟ್ ಸಂಸ್ಥಾನದ ದೊರೆ ಕಾರ್ಲ್ ಲುಡ್ವಿಗ್‌ನ ಅಪ್ಪಣೆಯಂತೆ ಸ್ಪಿನೋಜಾಗೆ ಕಾಗದ ಬರೆದ. (ಈ ದೊರೆಯ ತಂಗಿ ಎಲಿಸಬೆತ್. ಮನಸ್ಸು ಬೇರೆ ದೇಹ ಬೇರೆ ಅಂತೀರಲ್ಲ, ಹಾಗಾದರೆ ಮನಸ್ಸು ದೇಹವನ್ನ ಅಲ್ಲಾಡಿಸೋದು ಹೇಗೆ ಸ್ವಾಮಿ ಅಂತ 1643ರಲ್ಲಿ ಫ್ರೆಂಚ್ ತತ್ವಜ್ಞಾನಿ ದೆಕಾರ್ತ್‌ನನ್ನೇ ಕೇಳಿ, ಅವನು ಕೊಟ್ಟ ಸಮಜಾಯಿಷಿಯನ್ನ ಒಪ್ಪದೆ ಮತ್ತೆ ಮತ್ತೆ ಕೇಳಿದವಳು. ಈಕೆಯನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗ್ತಾಳೆ.) ಕಾಗದದ ಸಾರ ಇಷ್ಟು: ತತ್ವಶಾಸ್ತ್ರದ ಪ್ರೊಫೆಸರ್ ಹುದ್ದೆ ಇದೆ, ಉಳಿದ ಪ್ರೊಫೆಸರುಗಳಿಗೆ ಕೊಡೋ ಸಂಬಳವನ್ನೇ ಕೊಡ್ತೀವಿ, ತತ್ವಚಿಂತನೆಗೆ ಯಥೇಚ್ಛ ಸ್ವಾತಂತ್ರ್ಯ ಇರುತ್ತೆ. ಕೊನೆಗೆ ಬಾಲ: ನಾಡಿನಲ್ಲಿ ನೆಲೆನಿಂತಿರುವ ಧರ್ಮವನ್ನ ಕದಡಲಿಕ್ಕೆ ಈ ಸ್ವಾತಂತ್ರ್ಯವನ್ನ ತಾವು ದುರುಪಯೋಗ ಮಾಡೋದಿಲ್ಲ ಅಂತ ದೊರೆಗಳು ನಂಬಿದ್ದಾರೆ.

ನಂಬಿದ್ದಾರಂತೆ! ಮಾಡಬಾರದು ಅಂತ ಆಜ್ಞೆ ಹೊರಡಿಸಿದ್ದರೆ ಜಗಳಕ್ಕಾದರೂ ಒಂದು ದಾರಿ ಇರುತ್ತಿತ್ತು. ನಂಬಿಕೆ ಇಟ್ಟವರ ಹತ್ತಿರ ಏನು ಜಗಳ ಆಡ್ತೀರಿ? ಸರ್ವೀಸ್ ಪೂರ್ತಿ ಸಾಲದ ಫೈಲು ನೋಡಿದವಳು ನಾನು. ದೊಡ್ಡ ಅಕ್ಷರದ ಜಾಹೀರಾತಿನ ಪಕ್ಕ ಒಂದು ಪುಟಾಣಿ ನಕ್ಷತ್ರ ಇರುತ್ತಲ್ಲ, ಈ ‘ನಂಬಿಕೆ’ ಆ ನಕ್ಷತ್ರ. ಬ್ಯಾಂಕಿನವರು ಕೆಳಗೆ ಇರುವೆ ಸಾಲಿನ ಹಾಗಾದರೂ ಷರತ್ತನ್ನ ಬರೆದಿರ್ತಾರೆ, ಇಲ್ಲಿ ಅದೂ ಇಲ್ಲ.

ಕಾಗದ ಹೋಗಿ ಮುಟ್ಟಿದ್ದು ಎಲ್ಲಿಗೆ ಅಂತ ಗೊತ್ತಲ್ಲ. ಹಾಲೆಂಡಿನ ಹೇಗ್ ಊರಿನ ಕಾಲುವೆ ಬೀದಿಯೊಂದರಲ್ಲಿ ಚಿತ್ರಕಾರನೊಬ್ಬನ ಮನೆಯ ಬಾಡಿಗೆ ಕೋಣೆಗೆ. ಸ್ಪಿನೋಜಾಗೆ ಆಗ 40 ವರ್ಷ. ಕಸುಬು ಮಸೂರ ಉಜ್ಜೋದು, ಸೂಕ್ಷ್ಮದರ್ಶಕಕ್ಕೆ, ದೂರದರ್ಶಕಕ್ಕೆ. ಆಮೇಲೆ ಅವನ ಜೀವನಚರಿತ್ರೆ ಬರೆದ ಕೊಲೇರಸ್ ಅನ್ನೋ ಪಾದ್ರಿ ಅವನ ಖರ್ಚಿನ ಚೀಟಿಗಳನ್ನೆಲ್ಲ ನೋಡಿ ಬರೆದಿಟ್ಟಿದ್ದಾನೆ: ಒಂದು ದಿನ ಬೆಣ್ಣೆ ಹಾಕಿದ ಹಾಲಿನ ಸೂಪು ಮತ್ತು ಒಂದು ಪಾತ್ರೆ ಬಿಯರು, ಇನ್ನೊಂದು ದಿನ ಒಣದ್ರಾಕ್ಷಿ, ಬೆಣ್ಣೆ ಹಾಕಿದ ಗಂಜಿ. ಅಷ್ಟೇ ಊಟ. ಇಂಥವನಿಗೆ ಪ್ರೊಫೆಸರ್ ಸಂಬಳ ಅಂದರೆ ಸಣ್ಣ ಮಾತಲ್ಲ.

ತಿಂಗಳಿಗೂ ಮೇಲೆ ಯೋಚನೆ ಮಾಡಿ ಮಾರ್ಚ್ 30ಕ್ಕೆ ಉತ್ತರ ಬರೆದ. ಬಹಳ ಮರ್ಯಾದೆಯ ಉತ್ತರ. ಪಾಠ ಮಾಡ್ತಾ ಕೂತರೆ ನನ್ನ ಸ್ವಂತ ಕೆಲಸ ಸಾಗೋದಿಲ್ಲ ಅನ್ನೋದು ಮೊದಲನೇ ಕಾರಣ. ಎರಡನೆಯದಕ್ಕೆ ನಾನು ನಿಂತಲ್ಲೇ ಕೈಮುಗೀತೀನಿ: ನೆಲೆನಿಂತ ಧರ್ಮವನ್ನ ಕದಡಿದ ಹಾಗೆ ಕಾಣಬಾರದು ಅಂದರೆ ನನ್ನ ಸ್ವಾತಂತ್ರ್ಯ ಎಲ್ಲಿಗೆ ನಿಲ್ಲಬೇಕು ಅನ್ನೋದು ನನಗೆ ತಿಳಿಯದು. ಜಗಳ ಹುಟ್ಟೋದು ಧರ್ಮದ ಮೇಲಿನ ಉತ್ಕಟ ಪ್ರೀತಿಯಿಂದಲ್ಲ, ಜನರ ನಾನಾ ಬಗೆಯ ಸ್ವಭಾವದಿಂದ, ಸರಿಯಾಗಿ ಹೇಳಿದ್ದನ್ನೂ ತಿರುಚಿ ಖಂಡಿಸೋ ಚಟದಿಂದ. ಒಂಟಿಯಾಗಿ, ನನ್ನ ಪಾಡಿಗೆ ನಾನಿರುವಾಗಲೇ ಇದನ್ನ ಅನುಭವಿಸಿದ್ದೇನೆ, ಇನ್ನು ಆ ಪೀಠ ಏರಿದ ಮೇಲೆ ಕೇಳಬೇಕೆ ಅಂತ ಬರೆದು ಹುದ್ದೆ ಬೇಡ ಅಂದ.

ಬೇಡ ಅಂದ, ಕಾಣ್ರೀ! ನಾನು ಶನಿವಾರದ ಕಾರ್ಯಕ್ರಮಕ್ಕೆ ಒಪ್ಪಿಕೊಂಡಿದ್ದೀನಿ. ನಾನೇನು ಸ್ಪಿನೋಜಾ ಅಲ್ಲವಲ್ಲ. ಹಾರ, ಶಾಲು ಬೇಡ ಅಂದಿದ್ದೀನಿ, ನನ್ನ ಕ್ರಾಂತಿ ಅಷ್ಟಕ್ಕೇ ಮುಗೀತು.

ಈ ಮನುಷ್ಯ ಗೆರೆ ಎಲ್ಲಿದೆ ತೋರಿಸಿ ಅಂತ ಕೇಳಿದ್ದು ಚಪಲಕ್ಕಲ್ಲ. ಗೆರೆ ತೋರಿಸದೆ ಶಿಕ್ಷೆ ಕೊಡೋದು ಹೇಗಿರುತ್ತೆ ಅಂತ ಅವನಿಗೆ 23ನೇ ವಯಸ್ಸಿಗೇ ಗೊತ್ತಾಗಿತ್ತು. 1656ರ ಜುಲೈ 27ರಂದು ಆಮ್‌ಸ್ಟರ್‌ಡ್ಯಾಮಿನ ಪೋರ್ಚುಗೀಸ್ ಯೆಹೂದಿ ಸಮುದಾಯ ಅವನಿಗೆ ಬಹಿಷ್ಕಾರ ಹಾಕಿತು. ಹಗಲೂ ಶಾಪ, ಇರುಳೂ ಶಾಪ, ಮಲಗಿದಾಗ ಶಾಪ, ಎದ್ದಾಗ ಶಾಪ. ಅವನ ಜೊತೆ ಯಾರೂ ಮಾತಾಡಕೂಡದು, ಕಾಗದ ಬರೆಯಕೂಡದು, ಒಂದೇ ಸೂರಿನಡಿ ಇರಕೂಡದು, ಅವನಿಂದ ನಾಲ್ಕು ಮೊಳದೊಳಗೆ ನಿಲ್ಲಕೂಡದು, ಅವನು ಬರೆದದ್ದನ್ನ ಓದಕೂಡದು. ಶಾಪಕ್ಕೆ ಸಾಲುಗಟ್ಟಲೆ ಜಾಗ ಇದೆ, ತಪ್ಪು ಏನು ಅಂತ ಹೇಳೋಕೆ ಮಾತ್ರ ಜಾಗ ಸಾಕಾಗಿಲ್ಲ! ‘ಅಸಹ್ಯವಾದ ಪಾಷಂಡ ವಿಚಾರಗಳು’, ‘ಘೋರ ಕೃತ್ಯಗಳು’ ಅನ್ನೋದು ಬಿಟ್ಟರೆ ಏನು ಹೇಳಿದ, ಏನು ಮಾಡಿದ, ಒಂದಕ್ಷರ ಇಲ್ಲ. ಇವತ್ತಿಗೂ ವಿದ್ವಾಂಸರು ಊಹೆ ಮಾಡ್ತಾ ಕೂತಿದ್ದಾರೆ.

ಆ ಸಮುದಾಯವನ್ನ ಬೈಯೋಕೂ ನನಗೆ ಪೂರ್ತಿ ಮನಸ್ಸು ಬರೋದಿಲ್ಲ. ಪೋರ್ಚುಗಲ್, ಸ್ಪೇನುಗಳಲ್ಲಿ ಪಾಷಂಡರನ್ನ ಹಿಡಿದು ಶಿಕ್ಷಿಸುತ್ತಿದ್ದ ಚರ್ಚಿನ ಇನ್‌ಕ್ವಿಸಿಷನ್ನಿಂದ ತಪ್ಪಿಸಿಕೊಂಡು ಬಂದವರ ಮಕ್ಕಳುಮರಿ ಅವರು. ಆಶ್ರಯ ಕೊಟ್ಟ ಊರಿನಲ್ಲಿ ಯಾರ ಕಣ್ಣೂ ಕೆಂಪಾಗಬಾರದು ಅನ್ನೋ ಭಯ ಇದ್ದೇ ಇರುತ್ತೆ. ಆದರೆ 2021ರಲ್ಲಿ ಯಾವ ಭಯ ಇತ್ತು? ಸ್ಪಿನೋಜಾ ಬಗ್ಗೆ ಚಿತ್ರ ತೆಗೀತೀವಿ, ಒಳಗೆ ಬರಬಹುದಾ ಅಂತ ಕೇಳಿದ ವಿದ್ವಾಂಸರೊಬ್ಬರಿಗೆ ಅದೇ ಸಮುದಾಯದ ಪ್ರಾರ್ಥನಾ ಮಂದಿರದ ಗುರು, ರಬ್ಬಿ, ನೀವು ಇಲ್ಲಿಗೆ ಬೇಡದ ವ್ಯಕ್ತಿ ಅಂತ ಪತ್ರ ಬರೆದರು. ಆಮೇಲೆ ಸಮುದಾಯದ ಮುಖಂಡರು ಆ ಪತ್ರದಿಂದ ದೂರ ಸರಿದರು, ನಿಜ. ಆದರೂ ಸತ್ತು ಮುನ್ನೂರು ವರ್ಷ ದಾಟಿದವನ ನಾಲ್ಕು ಮೊಳದ ಲೆಕ್ಕ ಇನ್ನೂ ಚುಕ್ತಾ ಆಗಿರಲಿಲ್ಲ ನೋಡಿ.

ಈಗ 1670ರ ಪುಸ್ತಕಕ್ಕೆ ಬರ್ತೀನಿ, ದೇವಶಾಸ್ತ್ರ ಮತ್ತು ರಾಜಕೀಯದ ಮೇಲಿನ ಆ ಪ್ರಬಂಧ. ಲೇಖಕನ ಹೆಸರಿಲ್ಲ. ಮುಖಪುಟದಲ್ಲಿ ಹ್ಯಾಂಬರ್ಗ್‌ನಲ್ಲಿ ಅಚ್ಚಾಯಿತು ಅಂತ ಇದೆ, ಅಚ್ಚಾದದ್ದು ಆಮ್‌ಸ್ಟರ್‌ಡ್ಯಾಮಿನಲ್ಲಿ. ಪ್ರಕಾಶಕನ ಹೆಸರೂ ಸುಳ್ಳು. ನಿಜ ಇದ್ದದ್ದು ಹೆಸರಿನ ಕೆಳಗಿನ ಸಾಲಿನಲ್ಲಿ: ವಿಚಾರ ಮಾಡೋ ಸ್ವಾತಂತ್ರ್ಯ ಕೊಟ್ಟರೆ ಭಕ್ತಿಗೂ ನಾಡಿನ ಶಾಂತಿಗೂ ಧಕ್ಕೆ ಇಲ್ಲ, ಅಷ್ಟೇ ಅಲ್ಲ, ಅದನ್ನ ಕಿತ್ತುಕೊಂಡರೆ ಶಾಂತಿ ಭಕ್ತಿ ಎರಡೂ ಹಾಳಾಗ್ತವೆ. ನಮ್ಮ ಸಂಕಿರಣದವರ ಮಾತನ್ನ ಪೂರಾ ತಿರುಗಿಸಿ ಹಾಕಿದ ಮಾತು ಇದು. ಶಾಂತಿ ಇರಲಿ ಅಂತ ಬಾಯಿ ಮುಚ್ಚಿಸ್ತೀರಲ್ಲ, ಬಾಯಿ ಮುಚ್ಚಿಸೋದರಿಂದಲೇ ಶಾಂತಿ ಕೆಡೋದು ಅಂತಾನೆ ಅವನು.

ಪುಸ್ತಕದಲ್ಲಿ 20 ಅಧ್ಯಾಯ. ಬಹಳಷ್ಟು ಭಾಗ ಬೈಬಲ್ಲಿನ ಯಾವ ಭಾಗ ಯಾರು, ಯಾವಾಗ ಬರೆದದ್ದು ಅನ್ನೋ ಜಗ್ಗಾಟ. ಅರ್ಧ ನನ್ನ ತಲೆ ಮೇಲೆ ಹಾದು ಹೋಗಿದೆ, ನಿಮಗೂ ಹೋದರೆ ಬೇಜಾರಿಲ್ಲ. ಸೀದಾ 20ಕ್ಕೆ ಹೋಗಿ. ಮನುಷ್ಯ ತನ್ನ ಹಕ್ಕುಗಳನ್ನೆಲ್ಲ ದೊರೆಗೆ ಒಪ್ಪಿಸಿದರೂ ಯೋಚನೆ ಮಾಡೋದನ್ನ, ತೀರ್ಮಾನಕ್ಕೆ ಬರೋದನ್ನ ಒಪ್ಪಿಸೋಕೆ ಆಗೋದೇ ಇಲ್ಲ ಅಂತಾನೆ. ಒಪ್ಪಿಸ್ತೀನಿ ಅಂತ ಅವನೇ ಹೇಳಿದರೂ ಆಗೋದಿಲ್ಲ. ಅಭಿಪ್ರಾಯಗಳ ಮೇಲೆ ಕಾನೂನು ಮಾಡಿದರೆ ಕಳ್ಳರಿಗೆ, ಲಫಂಗರಿಗೆ ಏನೂ ತಟ್ಟೋದಿಲ್ಲ, ಅವರು ಬೇಕಾದ ಹಾಗೆ ತಲೆಯಾಡಿಸ್ತಾರೆ. ಸಿಕ್ಕಿ ಬೀಳೋದು ಪ್ರಾಮಾಣಿಕರು. ಅದೇ ಅಧ್ಯಾಯದಲ್ಲಿ ಆಮ್‌ಸ್ಟರ್‌ಡ್ಯಾಮಿನ ಉದಾಹರಣೆ ಬರುತ್ತೆ. ಆ ಊರಿನಲ್ಲಿ ಒಬ್ಬನಿಗೆ ಸರಕು ಸಾಲ ಕೊಡಬೇಕಾದರೆ ಜನ ವಿಚಾರಿಸೋದು ಎರಡೇ: ಇವನ ಹತ್ತಿರ ದುಡ್ಡು ಇದೆಯಾ ಇಲ್ಲವಾ, ಇವನ ವ್ಯವಹಾರ ನಂಬಿಕಸ್ಥವಾ ಮೋಸದ್ದಾ. ಯಾವ ಮತ, ಯಾವ ಪಂಥ ಅಂತ ಯಾರೂ ಕೇಳೋದಿಲ್ಲ.

ಇದನ್ನ ಮೊದಲ ಸಲ ಓದಿದಾಗ ಎದ್ದು ನಿಂತುಬಿಟ್ಟೆ. ಅಪ್ಪನ ಒಣಹಣ್ಣಿನ ವ್ಯಾಪಾರವನ್ನ ತಮ್ಮನ ಜೊತೆ ಸೇರಿ ನಡೆಸಿದವನು ಬರೆದ ಸಾಲು ಇದು, ಸಾಲ ಕೊಟ್ಟು ಪಡೆದು ಗೊತ್ತಿದ್ದವನದ್ದು. ಲೋನ್ ಸೆಕ್ಷನ್ನಿನಲ್ಲಿ ಕೂತವಳಿಗೆ ಇದಕ್ಕಿಂತ ಚೆನ್ನಾಗಿ ಜಾತ್ಯತೀತತೆಯನ್ನ ಯಾರೂ ಅರ್ಥ ಮಾಡಿಸಿಲ್ಲ. ಕಂತು ಕಟ್ತಾನಾ? ಹಾಗಿದ್ದರೆ ಅವನ ದೇವರ ಕೋಣೆಯಲ್ಲಿ ಏನಿದೆ ಅಂತ ಇಣುಕಿ ನಮಗೇನಾಗಬೇಕು?

ಈಗ ಕೆಲವರು ಶುರು ಮಾಡ್ತಾರೆ, ಗೊತ್ತು ನನಗೆ. ಅಲ್ಲಮ್ಮಾ, ನಿನ್ನ ಸ್ಪಿನೋಜಾ ಕೂಡ ಗೆರೆ ಎಳೆದಿದ್ದಾನಲ್ಲ? ಹೌದು, ಎಳೆದಿದ್ದಾನೆ. ಹೊರಗಿನ ಪೂಜೆ ಆಚರಣೆಗಳೆಲ್ಲ ಸರ್ಕಾರದ ಅಧೀನದಲ್ಲಿರಬೇಕು ಅಂತಾನೆ (ಆ 19ನೇ ಅಧ್ಯಾಯ ನನಗೆ ಗಂಟಲಲ್ಲಿ ಇಳಿಯೋದಿಲ್ಲ). ಕೊಟ್ಟ ಮಾತು ಯಾರೂ ಉಳಿಸಿಕೊಳ್ಳಬೇಕಿಲ್ಲ ಅಂತ ಬೋಧಿಸಿ ರಾಜ್ಯದ ಬುಡವನ್ನೇ ಅಲ್ಲಾಡಿಸೋದಕ್ಕೆ ಬಿಡಬಾರದು ಅಂತಾನೆ. ಒಂದು ಕಾನೂನು ತಪ್ಪು ಅಂತ ಕಾರಣ ಕೊಟ್ಟು ವಾದಿಸಿ, ಅಲ್ಲಿಯವರೆಗೆ ಅದನ್ನ ಪಾಲಿಸೋನು ಉತ್ತಮ ಪ್ರಜೆ. ಅಧಿಕಾರಿಯ ಮೇಲೆ ಜನರನ್ನ ಎತ್ತಿಕಟ್ಟೋನು ದಂಗೆಕೋರ. ಇದೆಲ್ಲ ಇದೆ. ಆದರೆ ಇವೆಲ್ಲ ಕಣ್ಣಿಗೆ ಕಾಣೋ ಗೆರೆಗಳು, ದಾಟಿದೆಯಾ ಇಲ್ಲವಾ ಅಂತ ಮೂರನೆಯವನು ಬಂದು ನೋಡಬಹುದು. “ನನ್ನ ನಂಬಿಕೆಗೆ ನೋವಾಯ್ತು” ಅನ್ನೋದು ಎಂಥಾ ಗೆರೆ ಹೇಳಿ? ನೋವಾದವನ ಜೇಬಿನಲ್ಲಿರುತ್ತೆ ಅದು. ಬೆಳಿಗ್ಗೆ ಒಂದು ಕಡೆ ಎಳೀತಾನೆ, ಸಂಜೆ ಇನ್ನೊಂದು ಕಡೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ದಯವಿಟ್ಟು.

“ಮಾತು ಮಿತಿ ಮೀರಿದರೆ ಗಲಾಟೆ ಆಗುತ್ತಲ್ಲ, ಹೆಣ ಬೀಳುತ್ತಲ್ಲ” ಅನ್ನೋದು ಇನ್ನೊಂದು. ಬಿತ್ತಲ್ಲ, ಸ್ಪಿನೋಜಾನ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಬಿತ್ತು. 1672, ಫ್ರೆಂಚ್ ಸೇನೆ ಒಳಗೆ ನುಗ್ಗಿತ್ತು. ಸೋಲಿಗೆಲ್ಲ ಯೊಹಾನ್ ಡೆ ವಿಟ್ ಅನ್ನೋ ನಾಯಕನೇ ಕಾರಣ ಅಂತ ಕರಪತ್ರಗಳ ಮೇಲೆ ಕರಪತ್ರ. ಆಗಸ್ಟ್ 20ರಂದು ಹೇಗ್‌ನ ಜನರ ಗುಂಪು ಅವನನ್ನೂ ಅವನ ಅಣ್ಣ ಕಾರ್ನೆಲಿಸ್‌ನನ್ನೂ ಕೊಂದು, ಹೆಣಗಳನ್ನ ತಲೆಕೆಳಗಾಗಿ ನೇತುಹಾಕಿ ತುಂಡು ತುಂಡು ಮಾಡಿತು. ‘ಅನಾಗರಿಕರಲ್ಲೇ ಕಡೆಯವರು’ ಅಂತ ಬರೆದ ಫಲಕ ಹಿಡಿದು ರಾತ್ರಿ ಅಲ್ಲಿಗೇ ಹೊರಟಿದ್ದನಂತೆ ಸ್ಪಿನೋಜಾ. ಮನೆ ಯಜಮಾನ ಬಾಗಿಲು ಹಾಕಿ ಒಳಗೇ ಇಟ್ಟುಕೊಂಡದ್ದರಿಂದ ಉಳಿದ. ಹೀಗಂತ ಅವನೇ ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸ್‌ಗೆ ಹೇಳಿದ್ದು.

ಆ ಕರಪತ್ರಗಳೂ ಮಾತೇ ಅಲ್ವಾ ಅಂತ ಕೇಳಿ. ಕೇಳಬೇಕಾದ ಪ್ರಶ್ನೆ, ನನ್ನ ಹತ್ತಿರ ಥಟ್ಟಂತ ಉತ್ತರ ಇಲ್ಲ. ಆದರೆ ಆಮೇಲೆ ಸರ್ಕಾರ ಏನು ಮಾಡಿತು ನೋಡಿ. ಗುಂಪಿನ ಮುಂದಾಳುಗಳಿಗೆ ಶಿಕ್ಷೆ ಇಲ್ಲ. ಕಾರ್ನೆಲಿಸ್ ಮೇಲೆ ದೂರು ಕೊಟ್ಟಿದ್ದ ಟಿಖೆಲಾರ್ ಅನ್ನೋನಿಗೆ ಪಿಂಚಣಿ ಸಿಕ್ಕಿತು. 1674ರ ಜುಲೈನಲ್ಲಿ ಹಾಲೆಂಡಿನ ನ್ಯಾಯಾಲಯ ನಿಷೇಧ ಹಾಕಿದ್ದು ಸ್ಪಿನೋಜಾನ ಪುಸ್ತಕಕ್ಕೆ, ಜೊತೆಗೆ ಇಂಗ್ಲಿಷ್ ತತ್ವಜ್ಞಾನಿ ಹಾಬ್ಸ್‌ನ ‘ಲೆವಯತನ್’ಗೆ. ಹೆಣ ಬೀಳಿಸಿದವರಿಗೆ ಪಿಂಚಣಿ, ಲ್ಯಾಟಿನ್ನಿನಲ್ಲಿ ಬರೆದವರಿಗೆ ನಿಷೇಧ. ಶಾಂತಿ ಕಾಪಾಡೋರ ಲೆಕ್ಕ ಯಾವಾಗಲೂ ಹೀಗೇ ತಾಳೆಯಾಗೋದು.

ಲ್ಯಾಟಿನ್ ಅಂದೆನಲ್ಲ, ಅಲ್ಲೇ ನನ್ನ ಹೊಟ್ಟೆಯ ಇನ್ನೊಂದು ಸಂಕಟ ಇರೋದು. ಆಡ್ರಿಯಾನ್ ಕೂರ್‌ಬಾಖ್ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಸ್ಪಿನೋಜಾನ ಬಳಗದವನು, ವೈದ್ಯ ಕೂಡ, ವಕೀಲ ಕೂಡ. 1668ರಲ್ಲಿ ಒಂದು ನಿಘಂಟು ತಂದ. ಲಾಯರುಗಳು, ಡಾಕ್ಟರುಗಳು, ಪಾದ್ರಿಗಳು ಜನರಿಗೆ ತಿಳಿಯಬಾರದು ಅಂತಲೇ ಬಳಸೋ ಪರಭಾಷೆಯ ಪದಗಳನ್ನೆಲ್ಲ ತೆಗೆದು ಅಚ್ಚ ಡಚ್ಚಿನಲ್ಲಿ ಬಿಡಿಸಿಟ್ಟ. ಬೈಬಲ್ ಅನ್ನೋದಕ್ಕೆ ಗ್ರೀಕಿನಲ್ಲಿ ಬರೀ ಪುಸ್ತಕ ಅಂತ ಅರ್ಥ, ಯಾವ ಪುಸ್ತಕವಾದರೂ ಸರಿ, ನರಿಯ ಕಥೆಯಾದರೂ ಸರಿ ಅಂತ ಬರೆದ. ಅದೂ ತನ್ನ ಸ್ವಂತ ಹೆಸರು ಹಾಕಿ! ಎರಡನೇ ಪುಸ್ತಕ ಅಚ್ಚಿಗೆ ಹೋದಾಗ ಉಟ್ರೆಕ್ಟಿನ ಮುದ್ರಕನೇ ಹೆದರಿ ಅಧಿಕಾರಿಗಳಿಗೆ ಸುದ್ದಿ ಕೊಟ್ಟ. ಕೂರ್‌ಬಾಖ್ ಓಡಿದ. ಹಣದಾಸೆಗೆ ಬಿದ್ದ ಪರಿಚಯದವನೊಬ್ಬ ಲೈಡನ್ನಿನಲ್ಲಿ ಹಿಡಿದುಕೊಟ್ಟ. ವಿಚಾರಣೆಯಲ್ಲಿ ಸ್ಪಿನೋಜಾ ಬಗ್ಗೆ ಕೆದಕಿ ಕೆದಕಿ ಕೇಳಿದರು. ಭೇಟಿಯಾಗಿದ್ದು ಹೌದು, ಈ ವಿಚಾರ ಮಾತಾಡಿಲ್ಲ ಅಂದ. ಗೆಳೆಯನನ್ನ ಬಿಟ್ಟುಕೊಡಲಿಲ್ಲ. ಬಲಗೈ ಹೆಬ್ಬೆರಳು ಕತ್ತರಿಸಬೇಕು, ಕಾದ ಕಬ್ಬಿಣದಿಂದ ನಾಲಿಗೆಗೆ ತೂತು ಹಾಕಬೇಕು, 30 ವರ್ಷ ಒಳಗಿಡಬೇಕು ಅನ್ನೋ ಸಲಹೆಯೂ ಬಂದಿತ್ತು. ಕೊನೆಗೆ 10 ವರ್ಷ ಸೆರೆ, ಆಮೇಲೆ 10 ವರ್ಷ ಗಡೀಪಾರು, 4000 ಗಿಲ್ಡರ್ ದಂಡ. ಹತ್ತು ವರ್ಷ ಎಲ್ಲಿ ಬಂತು, 1669ರ ಅಕ್ಟೋಬರಿನಲ್ಲಿ ಸೆರೆಯಲ್ಲೇ ಸತ್ತ.

ಅವನು ಸತ್ತ ಕೆಲವೇ ತಿಂಗಳಿಗೆ ಸ್ಪಿನೋಜಾನ ಪುಸ್ತಕ ಬಂದದ್ದು, ಹೆಸರಿಲ್ಲದೆ, ಲ್ಯಾಟಿನ್ನಿನಲ್ಲಿ. ಮುನ್ನುಡಿಯಲ್ಲೇ, ಸಾಮಾನ್ಯ ಜನ ಇದನ್ನ ಓದಬೇಕಿಲ್ಲ ಅಂತ ಬರೆದ. 1671ರಲ್ಲಿ ಯಾರೋ ಅದನ್ನ ಡಚ್ಚಿಗೆ ತರ್ತಿದ್ದಾರೆ ಅಂತ ಗೊತ್ತಾದಾಗ ಗೆಳೆಯ ಯೆಲ್ಲೆಸ್‌ಗೆ ಕಾಗದ ಬರೆದು, ಹೇಗಾದರೂ ಮಾಡಿ ನಿಲ್ಲಿಸು ಅಂದ. ಅವನ ಮುದ್ರೆಯುಂಗುರದ ಮೇಲೆ ಇದ್ದ ಮಾತೂ ‘ಜೋಪಾನ’ ಅಂತಲೇ. ಜಾಣ, ಬದುಕಿಕೊಂಡ. ಅವನು ಬದುಕಿದ್ದಕ್ಕೇ ನಮಗೆ ಅವನ ಮುಖ್ಯ ಪುಸ್ತಕ ‘ಎಥಿಕ್ಸ್’ ಸಿಕ್ಕಿದ್ದು, ಅದೂ ಗೊತ್ತು. ಆದರೂ ಹೇಳಿಬಿಡ್ತೀನಿ: ಇವರಿಬ್ಬರಲ್ಲಿ ನನ್ನ ಜೀವ ತುಡಿಯೋದು ಕೂರ್‌ಬಾಖ್‌ಗೆ. ಪಂಡಿತರು ಪಂಡಿತರಿಗೆ ಪಂಡಿತರ ಭಾಷೆಯಲ್ಲಿ ಏನು ಹೇಳಿಕೊಂಡರೂ ಅಷ್ಟಾಗಿ ಯಾರಿಗೂ ನೋವಾಗೋದಿಲ್ಲ. ಅದೇ ಮಾತನ್ನ ಸಂತೆಯಲ್ಲಿ ತರಕಾರಿ ಮಾರೋಳಿಗೆ ತಿಳಿಯೋ ಹಾಗೆ ಹೇಳಿ ನೋಡಿ, ತಕ್ಷಣ ನೋವು ಶುರು. ಇಂಗ್ಲಿಷಿನಲ್ಲಿ ಬರೆದಾಗ ಸುಮ್ಮನಿದ್ದ ಮಹನೀಯರು ಕನ್ನಡಕ್ಕೆ ಬಂದ ಕೂಡಲೇ ಎದೆ ಹಿಡಿದುಕೊಳ್ಳೋದನ್ನ ನಾವೂ ನೋಡಿಲ್ವಾ?

ಉಳಿದ ದೊಡ್ಡವರ ಬಗ್ಗೆ ಹೇಳ್ತಾ ಹೋದರೆ ನೀವು ಓದೋದು ನಿಲ್ಲಿಸ್ತೀರಿ. ಹಾಬ್ಸ್‌ಗೆ ಸ್ಪಿನೋಜಾನ ಪುಸ್ತಕ ತೋರಿಸಿದಾಗ, ಇಷ್ಟು ಎದೆಗಾರಿಕೆಯಿಂದ ಬರೆಯೋ ಧೈರ್ಯ ನನಗೆ ಇರಲಿಲ್ಲ ಅಂದನಂತೆ, ಅವನ ಜೀವನಚರಿತ್ರೆ ಬರೆದ ಆಬ್ರಿ ದಾಖಲಿಸಿದ್ದಾನೆ. ಇಂಗ್ಲೆಂಡಿನ ತತ್ವಜ್ಞಾನಿ ಲಾಕ್ ಹಾಲೆಂಡಿನಲ್ಲಿ ತಲೆಮರೆಸಿಕೊಂಡಿದ್ದಾಗ ಸಹಿಷ್ಣುತೆಯ ಮೇಲಿನ ತನ್ನ ಪ್ರಸಿದ್ಧ ಪತ್ರ ಬರೆದ, 1689ರಲ್ಲಿ ಗೌಡಾ ಊರಿನಲ್ಲಿ ಅಚ್ಚಾಯಿತು. ಎಲ್ಲರೂ ಹೊಗಳ್ತಾರೆ, ನಾನೂ ಹೊಗಳ್ತೀನಿ. ಆದರೆ ಅಲ್ಲೂ ನಾಸ್ತಿಕರಿಗೆ ಜಾಗ ಇಲ್ಲ, ಅವರ ಆಣೆ ಪ್ರಮಾಣ ನಂಬೋ ಹಾಗಿಲ್ಲವಂತೆ. ಅದಾಗಿ ಎಂಟು ವರ್ಷಕ್ಕೆ, 1697ರ ಜನವರಿ 8ರಂದು, ಎಡಿನ್‌ಬರೋದಲ್ಲಿ ಥಾಮಸ್ ಐಕನ್‌ಹೆಡ್ ಅನ್ನೋ 20 ವರ್ಷದ ವಿದ್ಯಾರ್ಥಿಯನ್ನ ಧರ್ಮನಿಂದನೆಗೆ ನೇಣು ಹಾಕಿದರು. ಗೆಳೆಯರ ಜೊತೆ ಆಡಿದ ಮಾತಿಗೆ.

ಫ್ರೆಂಚ್ ಚಿಂತಕ ಪಿಯೆರ್ ಬೇಲ್ ಒಬ್ಬನೇ ನನಗೆ ಸಮಾಧಾನ ಕೊಡೋನು. 1680ರಲ್ಲಿ ಕಾಣಿಸಿದ ಧೂಮಕೇತುವಿನ ನೆಪದಲ್ಲಿ ಬರೆದ ಪುಸ್ತಕದಲ್ಲಿ, ಬರೀ ನಾಸ್ತಿಕರೇ ಇರೋ ಸಮಾಜವೂ ಸಭ್ಯವಾಗಿ ಬಾಳಬಹುದು ಅಂದುಬಿಟ್ಟ. ಇವನ ಬರಹದ ಸಿಟ್ಟನ್ನ ಫ್ರಾನ್ಸ್ ತೀರಿಸಿಕೊಂಡದ್ದು ಇವನ ಅಣ್ಣನ ಮೇಲೆ, ಪಾಪ, 1685ರಲ್ಲಿ ಆ ಅಣ್ಣ ಸೆರೆಯಲ್ಲೇ ತೀರಿಕೊಂಡ. ಇಷ್ಟಾದ ಮೇಲೂ ಬೇಲ್, ತಪ್ಪು ನಂಬಿಕೆ ಇಟ್ಟುಕೊಂಡವನ ಮನಸ್ಸಾಕ್ಷಿಗೂ ಅಷ್ಟೇ ಹಕ್ಕಿದೆ ಅಂತ ಬರೆದ. ನನ್ನ ಅಣ್ಣನಿಗೆ ಹಾಗಾಗಿದ್ದರೆ ನಾನು ಬರೀತಿದ್ದೆನಾ? ಇಲ್ಲ.

ಸ್ಪಿನೋಜಾ ಹೆಸರಿನಲ್ಲಿ ಒಂದು ವಾಟ್ಸಾಪ್ ಸಂದೇಶ ಓಡಾಡ್ತಿದೆ, ಬಂದಿರುತ್ತೆ ನಿಮಗೂ. ದೇವರೇ ಮಾತಾಡ್ತಾನೆ: ಪ್ರಾರ್ಥನೆ ಸಾಕು ಮಾಡು, ಹಾಡು, ಕುಣಿ, ಖುಷಿಯಾಗಿರು ಅಂತ. ಅವನ ಯಾವ ಪುಸ್ತಕದಲ್ಲೂ ಇದಿಲ್ಲ. ಅವನ ದೇವರು ಹೀಗೆ ಎದುರು ಕೂತು ಬುದ್ಧಿ ಹೇಳೋ ದೇವರೇ ಅಲ್ಲ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಇದನ್ನ ಹಾಕಿದ ನಮ್ಮ ಭಾವನವರೇ, ಮಾರನೇ ದಿನ ಯಾವುದೋ ಹುಡುಗ ಏನೋ ಬರೆದ ಅಂತ ‘ಇಂಥವರನ್ನ ಒಳಗೆ ಹಾಕಬೇಕು’ ಅಂದರು. ನಾನು ಬಾಯಿ ಬಿಡಲಿಲ್ಲ. ಹಬ್ಬಕ್ಕೆ ಅವರ ಮನೆಗೇ ಹೋಗಬೇಕಲ್ಲ.

ಸ್ಪಿನೋಜಾನೂ ಹೀಗೆ ಸುಮ್ಮನಿದ್ದವನೇ ಅಂದುಕೊಳ್ಳಬೇಡಿ, ಅದು ಬೇರೆ. ಮನೆಯೊಡತಿ ಒಂದು ದಿನ, ನನ್ನ ಧರ್ಮದಲ್ಲೇ ಇದ್ದರೆ ನನಗೆ ಮುಕ್ತಿ ಸಿಗುತ್ತಾ ಅಂತ ಕೇಳಿದಳಂತೆ. ನಿಮ್ಮ ಧರ್ಮ ಒಳ್ಳೆಯದೇ, ಬೇರೆ ಹುಡುಕೋ ಅಗತ್ಯ ಇಲ್ಲ, ನೆಮ್ಮದಿಯಾಗಿ ಒಳ್ಳೆಯ ಬಾಳು ಬಾಳಿದರೆ ಆಯಿತು ಅಂದನಂತೆ. ಎದುರಿಗಿದ್ದ ಮನುಷ್ಯರನ್ನ ನೋಯಿಸೋ ಚಟ ಅವನಿಗೆ ಇರಲಿಲ್ಲ. ಹಾಗೆ ನೋಯಿಸದೆ ಇರೋದು ಅವನ ಸಜ್ಜನಿಕೆ. ಅದನ್ನ ಹುದ್ದೆಗೆ ಷರತ್ತು ಮಾಡಿ ಕಾಗದದಲ್ಲಿ ಬರೆದಾಗ ಎದ್ದು ನಡೆದ. ಇವೆರಡರ ವ್ಯತ್ಯಾಸ ನಮ್ಮ ಸಂಕಿರಣದವರಿಗೆ ಶನಿವಾರ ಹೇಳೋಣ ಅಂತಿದ್ದೀನಿ. ಅವರ ನಂಬಿಕೆಗೆ ನೋವಾದರೆ ಅವರ ಕರ್ಮ.

ಅಂದ ಹಾಗೆ, ನಾನು ಸ್ಪಿನೋಜಾ ಭಕ್ತೆ ಅಲ್ಲ. ನನಗೂ ಅವನು ನೋವು ಮಾಡಿದ್ದಾನೆ, ಸರಿಯಾಗೇ ಮಾಡಿದ್ದಾನೆ. ಅವನು ಕೊನೆಗಾಲದಲ್ಲಿ ಬರೀತಿದ್ದ ರಾಜಕೀಯದ ಪುಸ್ತಕದ 11ನೇ ಅಧ್ಯಾಯದಲ್ಲಿ ಪ್ರಜಾಪ್ರಭುತ್ವದ ಮಾತು ಶುರುವಾಗುತ್ತೆ. ಶುರುವಾಗಿ ಒಂದೆರಡು ಪುಟಕ್ಕೇ ಹೆಂಗಸರು ಆಳೋದಕ್ಕೆ ಲಾಯಕ್ಕಿಲ್ಲ, ಸ್ವಭಾವತಃ ಗಂಡಸರಿಗೆ ಸಮ ಅಲ್ಲ ಅಂತ ತೀರ್ಪು ಕೊಡ್ತಾನೆ. ಸಮ ಆಗಿದ್ದರೆ ಇಷ್ಟು ನಾಡುಗಳಲ್ಲಿ ಎಲ್ಲಾದರೂ ಇಬ್ಬರೂ ಒಟ್ಟಿಗೆ ಆಳ್ತಿದ್ದರಲ್ಲ ಅನ್ನೋದು ಪುರಾವೆ. ಇದು ಪವಾಡಗಳಿಗೆ ಪುರಾವೆ ಕೇಳಿದ ಮನುಷ್ಯ! ಹುದ್ದೆ ಕೊಡ್ತೀನಿ ಅಂತ ಕರೆದ ದೊರೆಯ ತಂಗಿ ಎಲಿಸಬೆತ್ ದೆಕಾರ್ತ್‌ನನ್ನ ಬೆವರಿಳಿಸಿ ಮೂವತ್ತು ವರ್ಷವಾಗಿತ್ತು, ಆ ಪತ್ರಗಳ ಗಾಳಿಯೂ ಇವನಿಗೆ ಸೋಕಲಿಲ್ಲ ಅಂತ ಕಾಣುತ್ತೆ. ಅಲ್ಲಿಗೇ ಪುಸ್ತಕ ನಿಂತಿದೆ. 1677ರ ಫೆಬ್ರವರಿ 21ಕ್ಕೆ ಸತ್ತ, 44 ವರ್ಷ.

ನನಗಾದ ನೋವಿಗೆ ಯಾವ ನ್ಯಾಯಾಲಯಕ್ಕೆ ಹೋಗಲಿ? ಆ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಅವನಿಗೆ ನಾಲ್ಕು ಮಾತು ಬರೆದಿದ್ದೀನಿ. ಮರ್ಯಾದಸ್ಥರು ಓದೋ ಜಾಗ ಇದು, ಅದನ್ನ ಇಲ್ಲಿ ಹಾಕೋ ಹಾಗಿಲ್ಲ.